ಬರೀ ನೀರೂ ಹೊಳೆದಾಗ

ಊಟದ ಡಬ್ಬಿಯ ತಳ ಕಾಣಿಸಿದ ಮೇಲೆ ಹೆಂಡತಿಯ ಫೋನ್ ಬಂತು.

"ಚಿಪ್ಪುಮೀನು ಹೇಗಿತ್ತು ರೀ? ನಿಮ್ಮ ಆಫೀಸಿನ ಹಿಂದಿನ ಕಡಲಿಂದೇ ಅಂತೆ. ತಾಜಾ."

ಲ್ಯಾಬ್ ಅಸಿಸ್ಟೆಂಟ್ ಬೆರಳು ನೆಕ್ಕುವುದನ್ನು ನಿಲ್ಲಿಸಿದ. ಆ ನೀರು ಬೆಳಿಗ್ಗೆ ಕೆಂಪಾಗಿ, ವಿಷಪಾಚಿಯ ಪರೀಕ್ಷೆಗೆಂದು ಅವನ ಮೇಜಿಗೇ ಬಂದಿತ್ತು. ವಿಷಪಾಚಿ ತಿಂದ ಚಿಪ್ಪುಮೀನು ಸುಮ್ಮನಿರುತ್ತದೆ. ಚಿಪ್ಪುಮೀನು ತಿಂದವನು ಸುಮ್ಮನಾಗುತ್ತಾನೆ.

ವಿಷಪಾಚಿಯ ಜೀನಿಗೆ ಮಾತ್ರ ಅಂಟಿ ಹಸಿರಾಗಿ ಹೊಳೆಯುವ ಪ್ರೋಬನ್ನು ಅವನು ಮೂರು ನಳಿಕೆಗಳಿಗೆ ಹಾಕಿದ. ಒಂದರಲ್ಲಿ ಕಡಲ ನೀರು. ಇನ್ನೆರಡು ಪ್ರೋಬನ್ನೇ ಪರೀಕ್ಷಿಸಲು: ಖಚಿತ ವಿಷಪಾಚಿಯದು ಹೊಳೆಯಲೇಬೇಕು, ಬರೀ ನೀರಿನದು ಹೊಳೆಯಕೂಡದು.

ಕಡಲ ನೀರು ಮದುವೆಮನೆಯ ದೀಪದಂತೆ ಹೊಳೆಯಿತು.

"ತುಟಿ ಜುಮ್ ಅಂತಿದೆಯಾ?" ಸ್ಟೋರ್‌ಕೀಪರ್ ವಿಚಾರಿಸಿಕೊಂಡ. "ಮೊದಲು ತುಟಿ, ಆಮೇಲೆ ನಾಲಿಗೆ, ಆಮೇಲೆ ಉಸಿರು."

"ನೀವು ಹೇಳೋವರೆಗೂ ಅಂತಿರಲಿಲ್ಲ."

"ಯಾರಿಗೂ ಹೇಳ್ಬೇಡಿ, ಹೆದರ್ತಾರೆ," ಎಂದ ಟೈಪಿಸ್ಟಕ್ಕ ತಾನೇ ಹೋಗಿ ಇಡೀ ಮಹಡಿಗೆ ಹೇಳಿ ಬಂದಳು.

ಅವನು ಆಸ್ಪತ್ರೆಗೆ ಫೋನ್ ಮಾಡಿದ. "ಯಾವ ವಿಷ ಅಂತ ಗೊತ್ತಾಗಬೇಕಲ್ಲ. ನಿಮ್ಮ ಲ್ಯಾಬಿನ ರಿಪೋರ್ಟ್ ತಗೊಂಡು ಬನ್ನಿ," ಎಂದರು.

ಅಷ್ಟರಲ್ಲಿ ಲ್ಯಾಬಿನ ಮುಖ್ಯಸ್ಥೆ ಮೇಡಂ ಬಂದು ನಳಿಕೆಗಳತ್ತ ಬಗ್ಗಿದರು. "ಏನ್ರೀ ಇದು, ಬರೀ ನೀರೂ ಹೊಳೀತಿದೆ? ಕೈ ನಡುಗಿ ಒಂದರದ್ದು ಇನ್ನೊಂದಕ್ಕೆ ಬಿದ್ದಿದೆ. ಇದು ಲೆಕ್ಕಕ್ಕಿಲ್ಲ."

ಹೋದ ಜೀವ ಅರ್ಧ ಬಂತು. ಎಲ್ಲವನ್ನೂ ತೊಳೆದು ಮತ್ತೆ ಮಾಡಿದ. ಈ ಸಲ ಕಡಲ ನೀರು ಕಪ್ಪಗೆ ಕೂತಿತ್ತು. ಅವನು ಸ್ಟೋರ್‌ಕೀಪರನನ್ನು ತಬ್ಬಿಕೊಂಡ.

"ಬಿಡಿ ಅವರನ್ನ," ಎಂದರು ಮೇಡಂ. "ವಿಷಪಾಚಿಯದ್ದೂ ಹೊಳೆದಿಲ್ಲ. ಪ್ರೋಬ್ ಎಲ್ಲಿಟ್ಟಿದ್ರಿ?"

ಗಾಬರಿಯಲ್ಲಿ ಕಿಟಕಿಯ ಮೇಲಿಟ್ಟಿದ್ದ. ಬಿಸಿಲು ಅದರ ಹೊಳಪನ್ನೆಲ್ಲ ಕುಡಿದುಬಿಟ್ಟಿತ್ತು.

"ಹೊಸದು ಬರೋದು ಮುಂದಿನ ವಾರ," ಎಂದ ಸ್ಟೋರ್‌ಕೀಪರ್, ಅಂಗಿಯ ಸುಕ್ಕು ಸರಿಮಾಡಿಕೊಳ್ಳುತ್ತ.

"ಅಲ್ಲೀವರೆಗೆ ನಾನೇನು ಮಾಡ್ಲಿ ಮೇಡಂ?"

ಮೇಡಂ ಕುರ್ಚಿ ಎಳೆದು ಅವನೆದುರು ಕೂತರು. ದನಿಯಲ್ಲಿ ಹಿಂದೆಂದೂ ಇಲ್ಲದ ಗೌರವವಿತ್ತು.

"ಪ್ರೋಬ್ ಯಾಕ್ರೀ ಬೇಕು, ನೀವಿದೀರಲ್ಲ. ನಾಳೆ ಬೆಳಿಗ್ಗೆ ನೀವು ಕೆಲಸಕ್ಕೆ ಬಂದ್ರೆ ನೀರಲ್ಲಿ ವಿಷ ಇಲ್ಲ ಅಂತ ರಿಪೋರ್ಟ್ ಬರೆದುಬಿಡಿ."

"ಬರದಿದ್ರೆ?"

"ನಾನೇ ಬರ್ಕೋತೀನಿ. ನೀವೇನೂ ಯೋಚನೆ ಮಾಡ್ಬೇಡಿ."