ಪೆಟ್ಟಿಗಿ ಕಂಡ್ರ "ಯಾರ್ ಹೋದ್ರೀ?"

ಹಾರ್ಮೋನಿಯಂ ಪೆಟ್ಟಿಗಿ ಹೊತ್ತು ಬಸ್ ಹತ್ತೋ ನನ್ನಂಥವನಿಗಿ ಇಂಥಾವು ಆಗ್ತಾನೇ ಇರ್ತಾವ್ರಿ. ಬಸವಕಲ್ಯಾಣದ ಸುತ್ತ ಎಲ್ಲಿ ಯಾರು ತೀರ್ಕೊಂಡ್ರೂ ಹೆಣದ ಮುಂದ ಭಜನಿ ಹಾಡಾಂವ ನಾನು. ಜೊತಿಗಿ ಢೋಲಕ್ ಬಾರಿಸೋ ಚಾಚಾ. ಹಿಂಗಾಗಿ ನನ್ನ ಪೆಟ್ಟಿಗಿ ಕಂಡ್ರ ಮಂದಿಗಿ ಸಾವೇ ಕಂಡಂಗ.

ತೊಟ್ಟಿಲ

ಹುಮನಾಬಾದಿನಾಗ ನಾದಿನಿ ಮಗಳ ಕೂಸಿನ ತೊಟ್ಟಿಲ ಕಾರ್ಯ ಇತ್ತು. ಖುಷೀಲೆ ಪೆಟ್ಟಿಗಿ ಹೊತ್ಗೊಂಡು ಬಸ್ ಹತ್ತಿದೆ.

"ಯಾರ್ ಹೋದ್ರೀ?" ಅಂದ ಕಂಡಕ್ಟರ್.

"ಯಾರೂ ಹೋಗಿಲ್ಲಪಾ, ಒಂದು ಕೂಸು ಬಂದದ" ಅಂದೆ. ಅಂವ ನಂಬಲಿಲ್ಲ.

ಪೆಟ್ಟಿಗಿ ಹೊತ್ತು ನಾನು ಓಣಿ ಹೊಕ್ಕಿದ್ದು ಬಾಜೂ ಮನಿಯವರು ನೋಡ್ಯಾರ. ಸತ್ತ ಮನ್ಯಾಗ ಒಲಿ ಹಚ್ಚಂಗಿಲ್ಲಲ್ರೀ, ತೊಟ್ಟಿಲ ಪದ ಮುಗಿಯೂದ್ರಾಗ ಸೆರಗು ಬಾಯಿಗಿ ಹಿಡ್ಕೊಂಡು, ರೊಟ್ಟಿ ಝುಣಕಾ ಕಟ್ಕೊಂಡು ಬಂದೇ ಬಿಟ್ರು. ನಾದಿನಿ ಕೆಂಡ ಆದಳು. ನಾನಂದೆ, "ಇರ್ಲಿ ಬಿಡವಾ, ಹೋಳಿಗಿ ಮ್ಯಾಲ ಖಾರ ಬೇಕೇ ಬೇಕು."

ಬಸ್ಸಿನ ಹಾಡು

ಹುಲಸೂರಿಂದ ಬರೂ ಮುಂದ ಡ್ರೈವರ್ ಒಂದು ಮರಾಠಿ ಹಾಡ ಹಚ್ಚಿದ್ದ. ಅಬಬಾ, ಏನ್ ಧಾಟಿ ಅದು! ಇಳಿಯೂದು ಮರ್ತು ಡಿಪೋ ತನಕ ಹೋದೆ. ಮುಂದ ಹಳ್ಳಿಖೇಡದಾಗ ಒಬ್ಬ ಅಜ್ಜನ ಹೆಣದ ಮುಂದ ಶಿವನ ಪದಕ್ಕ ಅದೇ ಧಾಟಿ ಹಾಕಿದೆ.

"ಅರೆ ಭಾಯಿ, ಇದು ಮದುವಿ ಬರಾತಿನ ಹಾಡಲ್ಲೇನ್ರೀ!" ಅಂತ ಚಾಚಾ ಕಿವ್ಯಾಗ ಅಂದ್ರು.

ಅಷ್ಟ್ರಾಗ ಹೆಣ ಹೊತ್ತವರ ಕಾಲು ತಾಳಕ್ಕ ಬಿದ್ದಿದ್ದವು. ಅಜ್ಜನ್ನ ಎಷ್ಟು ಲಗು ಮುಟ್ಟಿಸಿದ್ರಂದ್ರ, ಕುಣಿ ತೋಡಾಕತ್ತವ್ರು ಒಳಗಿಂದ ತಲಿ ಎತ್ತಿ, "ಸಾವಕಾಶ ಬರ್ರೋ, ಕುಣಿ ಇನ್ನೂ ತಯಾರಿಲ್ಲ!" ಅಂತ ಒದರಿದ್ರು.

ಮನಿಗಿ ಬಂದು ಹೇಳಿದ್ರ ನನ್ನ ಹೆಂಡತಿ ಹೊಟ್ಟಿ ಹಿಡ್ಕೊಂಡು ನಕ್ಕಳು.

ಪೆಟ್ಟಿಗಿ ಬಿಟ್ಟು ಹೊಂಟಾಗ

ಅದೇ ಹೊಟ್ಯಾಗ ಅಕಿಗಿ ಗಡ್ಡಿ ಬೆಳೀಲಾಕತ್ತಿತ್ತು. ಹುಮನಾಬಾದ ದವಾಖಾನಿಗಿ ಕರ್ಕೊಂಡು ಹೊಂಟೆ. ಅದೇ ಕಂಡಕ್ಟರ್.

"ಪೆಟ್ಟಿಗಿ ಎಲ್ರೀ? ಇವತ್ತ ಯಾರೂ ಹೋಗಿಲ್ಲೇನು?"

ಅವನ ಕಪಾಳಕ್ಕ ಹೊಡೀಬೇಕನಿಸ್ತು. ಅಕಿ ನಗ್ತಾ, "ನಾ ಹೋಗಾಕಿ ಇದ್ದೀನಪಾ, ಸ್ವಲ್ಪ ತಡ ಅದ" ಅಂದಳು. ಅಂವ ಮಾರಿ ಸಣ್ಣದು ಮಾಡ್ಕೊಂಡು ನನಗ ಟಿಕೇಟ ಕೊಡೂದೂ ಮರ್ತು ಮುಂದ ಹೋದ.

"ನೋಡ್ರಿ, ಹೆಣ್ಮಕ್ಕಳಿಗಿ ಹೆಂಗೂ ಪುಕಟ್. ಇವತ್ತ ನಿಮಗೂ ಪುಕಟ್" ಅಂದಳು. ಆಮ್ಯಾಲ ನನ್ನ ಕೈ ಹಿಡ್ಕೊಂಡಳು. "ನನ್ನ ಮುಂದ ಅಳೋ ಪದ ಬ್ಯಾಡ. ಆ ಬಸ್ಸಿನ ಧಾಟಿನೇ ಹಾಡ್ರಿ. ಮಾತು ಕೊಡ್ರಿ."

ಕೊಟ್ಟೆ. ಹಾಡಾಕ ಆಗ್ತದೋ ಇಲ್ಲೋ, ದೇವರಿಗೇ ಗೊತ್ತಿತ್ತು.

ಸಾವಕಾಶ

ಅಕಿ ಹೋದಳು. ಮಂದಿ ಮನ್ಯಾಗೆಲ್ಲ ಹಾಡಿದವನಿಗಿ ತನ್ನ ಮನ್ಯಾಗ ದನಿನೇ ಹೊರಡಲಿಲ್ಲ. ಚಾಚಾನೇ ಪೆಟ್ಟಿಗಿ ತಂದು ಕೊರಳಿಗಿ ಹಾಕಿ, "ಮಾತು ಕೊಟ್ಟೀರಿ ಭಾಯಿ" ಅಂದ್ರು. ಹಾಡಿದೆ.

"ಮಾಮಾ, ನಾಚಿಕಿ ಇಲ್ಲೇನ್ರೀ?" ಅಂತ ನಾದಿನಿ ಒದರಿದಳು.

"ನಿಮ್ಮ ಅಕ್ಕನೇ ಹೇಳಿ ಹೋಗ್ಯಾರಮ್ಮಾ" ಅಂದ್ರು ಚಾಚಾ. ನಾದಿನಿ ಅಳ್ತಾ ಅಳ್ತಾ ನಕ್ಕೇ ಬಿಟ್ಟಳು.

ಹೊತ್ತವರ ಕಾಲು ಮತ್ತ ತಾಳಕ್ಕ ಬಿದ್ದವು. ಅಕಿ ಮುಂದ ಮುಂದ ಹೊಂಟೇ ಬಿಟ್ಟಳು. ನಾನು ಹಾಡ ಬಿಟ್ಟು ಒದರಿದೆ, "ಸಾವಕಾಶ ನಡೀರೋ, ಕುಣಿ ಇನ್ನೂ ತಯಾರಿಲ್ಲ!"

ಚಾಚಾ ಹಗೂರಕ ಅಂದ್ರು, "ಭಾಯಿ, ಕುಣಿ ಮುಂಜಾನೆಯೇ ತಯಾರಾಗ್ಯಾದಲ್ರೀ."

"ನನಗೂ ಗೊತ್ತದ ಚಾಚಾ" ಅಂದೆ. "ನೀವು ಸಾವಕಾಶ ಬಾರಿಸ್ರಿ."