ಹುಣ್ಣಿಮೆಗೆ ಮುಂಚೆ ಇಳಿದ ದೋಣಿ

ಎರಡರಲ್ಲಿ ಒಂದನ್ನು ಆರಿಸಿ ಎಂದು ಯಾರಾದರೂ ಹೇಳಿದರೆ ನನಗೆ ಮೊದಲು ಬರುವುದು ಆಕಳಿಕೆ. ದೇವರು ಎರಡು ಕಣ್ಣು, ಎರಡು ಕಿವಿ ಕೊಡುವಾಗ ಯಾವುದು ಬೇಕು ಎಂದು ಕೇಳದೆ ಎರಡನ್ನೂ ಅಂಟಿಸಿ ಕಳಿಸಿದ್ದು ನನ್ನಂಥವರ ಮೇಲಿನ ಕರುಣೆಯಿಂದಲೇ ಇರಬೇಕು. ಇಂಥ ನನಗೆ ಸಿಕ್ಕ ಉದ್ಯೋಗವಾದರೂ ಎಂಥದ್ದು? ಕಚೇರಿಯಲ್ಲಿ ಕೂತು ಅಸಲು ಕಾಗದವನ್ನೂ ಅದರ ನಕಲನ್ನೂ ಅಕ್ಕಪಕ್ಕ ಇಟ್ಟುಕೊಂಡು, ಅಕ್ಷರಕ್ಕೆ ಅಕ್ಷರ ತಾಳೆ ನೋಡುವುದು. ಹದಿನೆಂಟು ವರ್ಷ ಇದನ್ನೇ ಮಾಡಿದ ಮೇಲೆ ಮನೆಯವರು ನನ್ನನ್ನು ಹೋಲಿಕೆಯ ವಿಷಯದಲ್ಲಿ ದೊಡ್ಡ ಪಂಡಿತನೆಂದು ತೀರ್ಮಾನಿಸಿಬಿಟ್ಟಿದ್ದರು. ಎರಡು ಸೀರೆಯಲ್ಲಿ ಯಾವುದು, ಎರಡು ಸಂಬಂಧದಲ್ಲಿ ಯಾವುದು, ಗಂಟಲು ನೋವಿಗೆ ಎರಡು ಕಷಾಯದಲ್ಲಿ ಯಾವುದು, ಎಲ್ಲಕ್ಕೂ ನಾನೇ. ಮೀನಿನ ವಿಷಯ ಒಂದನ್ನು ಮಾತ್ರ ನನ್ನನ್ನು ಕೇಳುತ್ತಿರಲಿಲ್ಲ. ಅದರಲ್ಲಿ ನನ್ನ ಯೋಗ್ಯತೆ ಏನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಈ ‘ಮನೆಯವರು’ ಎಂದರೆ ನನ್ನ ಹೆಂಡತಿಯ ತವರಿನವರು. ಕುಮಟೆಗೆ ವರ್ಗವಾದಾಗ, ಬಾಡಿಗೆ ಮನೆ ಸಿಗುವ ತನಕ ಎಂದು ಸಮುದ್ರದಂಡೆಯ ಅವರ ಮನೆಯಲ್ಲಿ ಉಳಿದವನು, ಈ ಕತೆ ನಡೆಯುವ ಹೊತ್ತಿಗೆ ಒಂಬತ್ತು ವರ್ಷ ಉಳಿದಿದ್ದೆ. ಮಾವ ಆ ಕಡೆಯಲ್ಲೆಲ್ಲ ಹೆಸರು ಮಾಡಿದ ತಾಂಡೇಲ. ದೋಣಿಯ ಮೇಲೆ ತಾಂಡೇಲ ಹೇಳಿದ್ದೇ ಕಾನೂನು. ನಮ್ಮ ಮಾವ ದೋಣಿಯಿಂದ ಇಳಿದ ಮೇಲೂ ಅದನ್ನೇ ಮುಂದುವರಿಸಿದ್ದರು. ಮೊಣಕಾಲು ಹಿಡಿದುಕೊಂಡು ಮೂರು ವರ್ಷದಿಂದ ಕಡಲಿಗೆ ಹೋಗುವುದು ನಿಂತಿತ್ತು. ಆದರೂ ದಿನಾ ಬೆಳಗ್ಗೆ ದಂಡೆಗೆ ಕುಂಟುತ್ತ ಹೋಗಿ, ಗಾಳಿ ಎತ್ತಲಿಂದ ಎಂದು ನೋಡಿ, ಯಾರಿಗೂ ಏನೂ ಹೇಳದೆ ವಾಪಸು ಬರುತ್ತಿದ್ದರು. ಇನ್ನು ನಾನು. ನನ್ನ ಅಪ್ಪ ಹೊನ್ನಾವರದಲ್ಲಿ ಶಾಲೆ ಮಾಸ್ತರು. ನಮ್ಮ ಮನೆತನ ನೀರು ಬಿಟ್ಟು ಎರಡು ತಲೆಮಾರಾಗಿತ್ತು. ಮದುವೆಯಾದ ಹೊಸತರಲ್ಲಿ ಅಳಿಯನಿಗೆ ಮರ್ಯಾದೆ ಮಾಡಬೇಕೆಂದು ಮಾವ ನನ್ನನ್ನು ದೋಣಿಯಲ್ಲಿ ಕೂರಿಸಿಕೊಂಡು ಹೋದರು. ನಾಲ್ಕು ಅಲೆ ದಾಟುವುದರೊಳಗೆ ನಾನು ಬೆಳಗಿನ ಅವಲಕ್ಕಿಯನ್ನೆಲ್ಲ ಸಮುದ್ರರಾಜನಿಗೆ ಅರ್ಪಿಸಿದೆ. ಮಾವ ಒಂದು ಮಾತೂ ಆಡದೆ ದೋಣಿ ತಿರುಗಿಸಿದರು. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಆ ತಿರುಗಿಸಿದ್ದನ್ನು ಮಾತ್ರ ಮರೆಯಲಾಗಲಿಲ್ಲ.

ನನ್ನ ಹೆಂಡತಿಯ ತಮ್ಮ ಮಂಜು ದುಬೈಯಲ್ಲಿ ಹಡಗುಕಟ್ಟೆಯ ಕೆಲಸದಲ್ಲಿದ್ದ. ಹಿಂದಿನ ಸಲ ರಜೆಗೆ ಬಂದಾಗ ಒಂದು ಕಲರ್ ಟಿವಿ ತಂದಿದ್ದ. ಅದರಲ್ಲಿ ಚಿತ್ರಕ್ಕಿಂತ ಅಕ್ಕಿನುಚ್ಚು ಹಾರುವುದೇ ಹೆಚ್ಚು, ಗುಡ್ಡ ಅಡ್ಡವಂತೆ. ಆದ್ದರಿಂದ ಟಿವಿ ಕ್ರೋಶಾದ ಬಟ್ಟೆ ಹೊದ್ದು, ಮೇಲೆ ಪ್ಲಾಸ್ಟಿಕ್ ಹೂ ಹೊತ್ತು ಸುಮ್ಮನಿತ್ತು. ಈ ಸಲ ಆಷಾಢದ ಜಡಿಮಳೆಯಲ್ಲಿ ಬಂದ ಮಂಜು ಒಂದು ಕಪ್ಪು ಪೆಟ್ಟಿಗೆ, ಒಂದು ಹಿಡಿಕೆ, ಎರಡು ಕ್ಯಾಸೆಟ್ ತಂದ. ಟಿವಿ ಗೇಮ್ ಎಂದು ಅದರ ಹೆಸರು. ಪೆಟ್ಟಿಗೆಗೆ ಕ್ಯಾಸೆಟ್ ತುರುಕಿ ಟಿವಿಗೆ ವಯರು ಹಚ್ಚಿದರೆ ಆಟ ಮೂಡುತ್ತಿತ್ತು. ಹಿಡಿಕೆ ಎತ್ತ ವಾಲಿಸಿದರೆ ಆಟದ ಬೊಂಬೆ ಅತ್ತ ಹೋಗುತ್ತಿತ್ತು. ಆದರೆ ಒಂದು ತೊಡಕು. ದುಬೈಯಲ್ಲಿ ಅವನ ಕೋಣೆಯ ಜೊತೆಗಾರ ಭಟ್ಕಳದವನು. ಇಬ್ಬರೂ ಒಂದೊಂದು ಪೆಟ್ಟಿಗೆ ಕೊಂಡು, ಎರಡು ಕ್ಯಾಸೆಟ್ ಮಾತ್ರ ಪಾಲಿನಲ್ಲಿ ಕೊಂಡಿದ್ದರಂತೆ. ಒಂದು ನಮ್ಮಲ್ಲಿ ಉಳಿಯಬೇಕು, ಇನ್ನೊಂದನ್ನು ಮಂಜು ವಾಪಸು ಹೋಗುವ ಮುಂಚೆ ಭಟ್ಕಳದ ಅವನ ಮನೆಗೆ ಮುಟ್ಟಿಸಬೇಕು. ಯಾವುದು ಬೇಕೋ ನೀವೇ ಮೊದಲು ಆರಿಸಿಕೊಳ್ಳಿ ಎಂದು ಆ ಪುಣ್ಯಾತ್ಮ ದೊಡ್ಡ ಮನಸ್ಸಿನಿಂದ ಹೇಳಿ ಕಳಿಸಿದ್ದ. ದೊಡ್ಡ ಮನಸ್ಸಿನವರಿಂದಲೇ ಲೋಕದಲ್ಲಿ ಇಷ್ಟು ತಾಪತ್ರಯ.

“ಆರಿಸುದು ನಮ್ಮ ಬಾವಂದೇ ಕೆಲಸ” ಎಂದ ಮಂಜು. ನಾನು ಆಕಳಿಸಿದೆ.

ಮೊದಲ ಕ್ಯಾಸೆಟ್ಟನ್ನು ಮಕ್ಕಳು ‘ಮರದ ಆಟ’ ಎಂದು ಕರೆದರು. ಒಬ್ಬ ಕುಳ್ಳ ತೆಂಗಿನ ಮರದಿಂದ ಮರಕ್ಕೆ ಹಾರುತ್ತ ಕಾಯಿ ಕೀಳಬೇಕು. ಕೆಳಗೆ ಏಡಿಗಳು ಬಾಯಿ ತೆರೆದುಕೊಂಡು ಕಾದಿರುತ್ತವೆ, ಮೇಲಿನಿಂದ ಹದ್ದು ಕುಕ್ಕುತ್ತದೆ. ಅವನು ಬಿದ್ದಾಗಲೆಲ್ಲ ಪೆಟ್ಟಿಗೆಯಿಂದ ಕೀಂ ಎಂದು ಒಂದು ಸದ್ದು. ನನ್ನ ಮಗ ಮತ್ತು ಮಗಳು ಶಾಲೆ ಬಿಟ್ಟು ಬಂದವರು ಒಂದು ಗಂಟೆಯಲ್ಲಿ ಅವನನ್ನು ಇನ್ನೂರು ಸಲ ಸಾಯಿಸುತ್ತಿದ್ದರು.

ಎರಡನೆಯ ಕ್ಯಾಸೆಟ್ಟನ್ನು ಮಂಜು ಹಾಕಿದ ಕೂಡಲೇ ಪರದೆಯ ತುಂಬ ನೀಲಿ ನೀರು ಹರಡಿತು. ನಡುವೆ ಒಂದು ಪುಟ್ಟ ದೋಣಿ, ಅಲ್ಲಲ್ಲಿ ಬಂಡೆ, ತೇಲುವ ದಿಮ್ಮಿ, ಎದುರಿಗೆ ಬರುವ ಕಳ್ಳರ ದೋಣಿಗಳು. ಅಷ್ಟರಲ್ಲಿ ಮಾವ ದಂಡೆಯಿಂದ ಬಂದು, ಕಂಬಳಿ ಕೊಪ್ಪೆಯ ನೀರು ಇಳಿಸುತ್ತ ಬಾಗಿಲಲ್ಲೇ ನಿಂತರು.

“ಎಂತದಾ ಅದು?”

“ದೋಣಿ ಅಪ್ಪಾ. ಬಂಡೆಗೆ ತಾಗದ ಹಾಂಗೆ ನಡೆಸುದು.”

“ಈಗ ಯಾವ ತಿಂಗಳಾ?”

ಮಂಜುವಿನ ಕೈ ಹಿಡಿಕೆಯ ಮೇಲೆ ಹಾಗೇ ನಿಂತಿತು. ಮಳೆಗಾಲಕ್ಕೆ ದೋಣಿ ಮೇಲೆಳೆದು ತೆಂಗಿನ ಗರಿಯ ಮಡ್ಲು ಹೊದಿಸಿದ ಮೇಲೆ, ಶ್ರಾವಣದ ಹುಣ್ಣಿಮೆಯ ದಿನ ಸಮುದ್ರಕ್ಕೆ ಪೂಜೆ ಮಾಡಿ ತೆಂಗಿನಕಾಯಿ ಬಿಡುವ ತನಕ ನಮ್ಮ ಕಡೆ ಯಾರೂ ನೀರಿಗೆ ದೋಣಿ ಇಳಿಸುವುದಿಲ್ಲ.

“ಇದು ಆಟ ಅಪ್ಪಾ. ಕರೆಂಟಿಂದು.”

“ಆಟಕ್ಕೆ ಇಳಿದ ದೋಣಿನೇ ಮೊದಲು ಮುಳುಗುದು. ಹುಣ್ಣಿಮೆ ಆಗದೆ ಈ ಮನೆಯಿಂದ ದೋಣಿ ಇಳಿದದ್ದಿಲ್ಲ. ತೆಗಿ ಅದನ್ನ.”

ಹೀಗೆ ದೋಣಿಯ ಕ್ಯಾಸೆಟ್ ಒಂದು ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿಸಿಕೊಂಡು ದೇವರ ಗೂಡಿನಲ್ಲಿ, ಕುಂಕುಮದ ಬಟ್ಟಲಿನ ಹಿಂದೆ ಹೋಗಿ ಕೂತಿತು. ಮಂಜು ವಾಪಸು ಹೊರಡುವುದು ಹುಣ್ಣಿಮೆಗೆ ನಾಲ್ಕು ದಿನ ಮುಂಚೆ. ಅಂದರೆ ಎರಡರಲ್ಲಿ ಒಂದನ್ನು ನಾನು ನೋಡದೆಯೇ ಆರಿಸಬೇಕು.

ಕದ್ದು ಆಡಬೇಕೆಂದು ನಾನು ಮೊದಲು ಅಂದುಕೊಂಡಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತಿದ್ದೆ. ಆ ಹೊತ್ತಿಗೆ ಮಕ್ಕಳು ಶಾಲೆಯಲ್ಲಿ, ಅತ್ತೆ ಪೇಟೆಯಲ್ಲಿ ಒಣಮೀನಿನ ಬುಟ್ಟಿಯ ಮುಂದೆ, ಮಂಜು ಹೆಣ್ಣು ನೋಡಲು ಹೊನ್ನಾವರದ ಕಡೆ, ಮಾವ ಉಂಡು ಬಲೆ ಸರಿಮಾಡುವ ಚಪ್ಪರಕ್ಕೆ. ಹೆಂಡತಿ ಒಳಗೆ ಒಂದು ಗಳಿಗೆ ಅಡ್ಡಾಗುತ್ತಿದ್ದಳು. ಎರಡೂ ಕಾಗದ ನೋಡದೆ ತಾಳೆಯಾಗಿದೆ ಎಂದು ಸಹಿ ಹಾಕುವುದು ಕರ್ತವ್ಯಲೋಪವಲ್ಲವೇ ಎಂದು ನನ್ನನ್ನೇ ನಾನು ಕೇಳಿಕೊಂಡು, ಹೌದು ಎಂದು ನಾನೇ ಉತ್ತರ ಕೊಟ್ಟು, ಗೂಡಿಗೆ ಕೈ ಹಾಕಿದೆ. ಹಾಕುವ ಮುಂಚೆ ಕೈ ಮುಗಿದೆ ಎನ್ನುವುದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಓದುಗರೇ, ಆ ದೋಣಿಯಲ್ಲಿ ನನಗೆ ವಾಂತಿ ಬರಲಿಲ್ಲ. ಮರದ ಆಟದಲ್ಲಿ ನಿಲ್ಲುವಂತಿಲ್ಲ, ನಿಂತರೆ ಹದ್ದು. ಮೊದಲಿನಿಂದ ಕೊನೆಯವರೆಗೆ ಗಡಿಬಿಡಿ. ಕೊನೆ ಎಂಬುದೂ ಇಲ್ಲ, ಬಿದ್ದ ಕುಳ್ಳ ಮತ್ತೆ ಮೊದಲನೇ ಮರದ ಬುಡದಲ್ಲೇ ಪ್ರತ್ಯಕ್ಷ. ನನಗೆ ಅದು ಕಚೇರಿಯ ಸೋಮವಾರವನ್ನು ನೆನಪಿಸುತ್ತಿತ್ತು. ದೋಣಿ ಆಟ ಹಾಗಲ್ಲ. ಅಲ್ಲಿ ದೋಣಿಯನ್ನು ನಿಲ್ಲಿಸಿ ಕಾಯಬಹುದು. ದಿಮ್ಮಿ ತೇಲಿ ಹೋಗಲಿ ಎಂದು ಬಿಡಬಹುದು. ಗುಂಡಿ ಒತ್ತಿದರೆ ಕಳ್ಳರ ಮೇಲೆ ಗುಂಡು ಹಾರುತ್ತಿತ್ತು. ನಾನು ಒತ್ತಲೇ ಇಲ್ಲ, ಬದಿಗೆ ಸರಿದು ದಾರಿ ಕೊಟ್ಟೆ. ದಾರಿ ಕೊಟ್ಟರೆ ಕಳ್ಳರೂ ಸುಮ್ಮನೆ ಹೋಗುತ್ತಾರೆ. ನಾನು ಹುಟ್ಟಿದಂದಿನಿಂದ ನಡೆಸಿಕೊಂಡು ಬಂದ ನೀತಿಗೆ ಅಂಕ ಸಿಕ್ಕಿದ್ದು ಅದೊಂದೇ ಕಡೆ. ಒಂದು ವಾರದಲ್ಲಿ ಮೂರನೇ ತಿರುವು ದಾಟಿದೆ, ಎರಡನೇ ವಾರ ಏಳನೆಯದನ್ನು ಮುಟ್ಟಿದೆ. ನಿಜ ಹೇಳುತ್ತೇನೆ, ನಲವತ್ತು ದಾಟಿದ ವಯಸ್ಸಿನಲ್ಲಿ ನನಗೆ ಅಷ್ಟು ಸಂತೋಷ ಬೇರೆ ಯಾವುದರಿಂದಲೂ ಆಗಿರಲಿಲ್ಲ. ಆ ಅರ್ಧ ಗಂಟೆ ನಾನು ಗುಮಾಸ್ತನಲ್ಲ, ಯಾರ ಮನೆಯಲ್ಲೋ ಉಳಿದುಕೊಂಡ ಅಳಿಯನಲ್ಲ. ತಾಂಡೇಲ.

ಆದರೆ ಕದ್ದ ದೋಣಿಯ ಭಾರ ಸಣ್ಣದಲ್ಲ. ಅದೇ ವಾರ ಅತ್ತೆಯ ಕಾಲು ಉಳುಕಿತು, ಕುಂಟುತ್ತಲೇ ಪೇಟೆಗೆ ಹೋಗುತ್ತಿದ್ದರು. ಬಾವಿಯ ರಾಟೆ ಮುರಿಯಿತು. ಮಗ ಗಣಿತದಲ್ಲಿ ಫೇಲಾದ. ಅವನು ಹಿಂದಿನ ಪರೀಕ್ಷೆಯಲ್ಲೂ ಫೇಲಾಗಿದ್ದ, ಆದರೂ ಈ ಸಲದ್ದು ನನ್ನಿಂದಲೇ ಎಂದು ನನಗೆ ಖಾತ್ರಿಯಾಯಿತು. ದಂಡೆಯಲ್ಲಿ ಗಾಳಿ ಜೋರಾದರೆ ಕಚೇರಿಯಲ್ಲಿ ನಾನು ತಪ್ಪು ಸಾಲಿಗೆ ತಾಳೆ ನೋಡುತ್ತಿದ್ದೆ. ಒಂದು ಮಧ್ಯಾಹ್ನ ಹಿಡಿಕೆಯ ಮೇಲೆ ಬಿಳಿ ಸುಣ್ಣದ ಕಲೆ ಕಂಡು, ಸೀಮೆಸುಣ್ಣದ ಕೈಯಲ್ಲಿ ಆಡುತ್ತೀಯಾ ಎಂದು ಸಂಜೆ ಮಗನಿಗೆ ಗದರಿದೆ. ಅವನು ಅತ್ತ. ಅದೂ ನನ್ನ ಲೆಕ್ಕಕ್ಕೇ ಬಂತು. ಇಷ್ಟೆಲ್ಲ ಆದರೂ ಮರುದಿನ ಮಧ್ಯಾಹ್ನ ಕೈ ಮುಗಿದು ಗೂಡಿಗೆ ಕೈ ಹಾಕುವುದನ್ನು ಬಿಟ್ಟೆನೇ? ಇಲ್ಲ.

ಮಂಜು ಭಟ್ಕಳಕ್ಕೆ ಹೊರಡುವ ಹಿಂದಿನ ಸಂಜೆ ಎಲ್ಲರೂ ಜಗಲಿಯಲ್ಲಿ ಸೇರಿದರು. ಮಾವ ಎಲೆಯಡಿಕೆ ತಟ್ಟೆ ಮುಂದಿಟ್ಟುಕೊಂಡು ಎಲೆಯ ನಾರು ತೆಗೆಯುತ್ತಿದ್ದರು.

“ಬಾವ, ಯಾವುದು ಇಲ್ಲಿ ಇರ್ಲಿ, ಯಾವುದು ಹೋಗ್ಲಿ? ಹೇಳಿಬಿಡಿ” ಎಂದ ಮಂಜು.

“ಮರದ ಆಟ, ಮರದ ಆಟ” ಎಂದು ಮಕ್ಕಳು ಎರಡೂ ಕಡೆಯಿಂದ ನನ್ನ ತೋಳು ಜಗ್ಗಿದರು.

“ಸುಮ್ಮನಿರಿ. ಅಳಿಯಂದಿರು ಹೇಳ್ಲಿ” ಎಂದರು ಮಾವ. ಕಣ್ಣು ಎಲೆಯ ಮೇಲೇ ಇತ್ತು. “ಎರಡನ್ನೂ ತೂಗಿ ಹೇಳ್ಬೇಕು.”

“ಎಂತ ತೂಗುದು ಅಪ್ಪಾ? ಅವರು ಒಂದನ್ನೇ ನೋಡಿದ್ದು” ಎಂದಳು ನನ್ನ ಹೆಂಡತಿ. “ಇನ್ನೊಂದು ಗೂಡಿನಾಗೆ ಉಂಟಲ್ಲ.”

ದೋಣಿ ಆಟವೇ ಮೇಲು ಎಂದು ಹೇಳಲು ನನ್ನ ಹತ್ತಿರ ಹನ್ನೆರಡು ಕಾರಣಗಳಿದ್ದವು. ಒಂದೊಂದನ್ನೂ ಬಿಡಿಸಿ ಹೇಳಬಲ್ಲವನಾಗಿದ್ದೆ. ಆದರೆ ಬಾಯಿ ಬಿಟ್ಟರೆ ಮುಂದಿನ ಪ್ರಶ್ನೆ ಒಂದೇ: ನಿಮಗೆ ಹೇಗೆ ಗೊತ್ತು? ಆಷಾಢದಲ್ಲಿ, ತಾಂಡೇಲನ ಮನೆಯಲ್ಲಿ, ದೇವರ ಗೂಡಿನಿಂದ ಕದ್ದು, ಇಪ್ಪತ್ತು ದಿನ ದೋಣಿ ಇಳಿಸಿದವನು ನಾನು ಎಂದು ಹೇಳಬೇಕು. ಅತ್ತೆ ಅಲ್ಲೇ ಉಳುಕಿದ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಮಾವ ಆ ದಿನದಂತೆ ಮಾತಿಲ್ಲದೆ ನನ್ನನ್ನು ಮತ್ತೊಮ್ಮೆ ದಡಕ್ಕೆ ತಿರುಗಿಸಿಬಿಡುತ್ತಾರೆ ಎನಿಸಿತು.

“ಮರದ ಆಟವೇ ಇರಲಿ” ಎಂದೆ.

ಮಕ್ಕಳು ಕುಣಿದರು. ಮಾವ ಎಲೆಯನ್ನು ಬಾಯಿಗೆ ಹಾಕಿಕೊಂಡು, “ಆತು” ಎಂದರು. ಮರುದಿನ ಮಂಜು ಕೆಂಪು ಗಂಟನ್ನು ಚೀಲದಲ್ಲಿಟ್ಟುಕೊಂಡು ಭಟ್ಕಳದ ಬಸ್ಸು ಹತ್ತಿದ. ನಾನು ನಿಲ್ದಾಣದ ತನಕ ಹೋಗಿ ಕೈ ಬೀಸಿದೆ. ಬಾವನಿಗೆ ತನ್ನ ಮೇಲೆ ಎಷ್ಟು ಪ್ರೀತಿ ಎಂದು ಅವನು ಅಂದುಕೊಂಡಿರಬೇಕು, ಏಕೆಂದರೆ ನನ್ನ ಕಣ್ಣು ಸ್ವಲ್ಪ ಒದ್ದೆಯಾಗಿತ್ತು.

ಹುಣ್ಣಿಮೆ ಬಂತು. ದಂಡೆಯಲ್ಲಿ ಪೂಜೆಯಾಗಿ, ಕಾಯಿ ಬಿಟ್ಟಾಗಿ, ಮೊದಲ ದೋಣಿಗಳು ನೀರಿಗೆ ಇಳಿದವು. ಮಾವನೂ ನಾನೂ ಮರಳಿನ ಮೇಲೆ ಕೂತು ನೋಡುತ್ತಿದ್ದೆವು. ಅವರನ್ನು ಕರೆದುಕೊಂಡು ಹೋಗುವವರಿಲ್ಲ, ನನ್ನನ್ನು ಕರೆದುಕೊಂಡು ಹೋಗಿ ಪ್ರಯೋಜನವಿಲ್ಲ. ಕೊನೆಯ ದೋಣಿಯೂ ಅಲೆ ದಾಟಿದ ಮೇಲೆ ಮಾವ ಹೇಳಿದರು:

“ನಾನು ಕಟ್ಟುದು ಬಲೆ ಗಂಟು. ನೀವು ಕಟ್ಟುದು ಕಡತದ ಗಂಟು. ಆ ಕೆಂಪು ಬಟ್ಟೆನ ದಿನಾ ಬೆಳಗ್ಗೆ ನಾ ಬಿಚ್ಚುವಾಗ ನಿಮ್ಮ ಗಂಟೇ ಇರ್ತಿತ್ತು.”

ದಿನಾ ಬೆಳಗ್ಗೆ. ನಾನು ಕಚೇರಿಗೆ ಹೋದ ಮೇಲೆ, ಹೆಂಡತಿ ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುವಾಗ. 

“ಬೇಡ ಅಂದವ ನಾನೇ, ನಾನೇ ಬೇಕು ಅಂಬುದು ಹೆಂಗೆ? ನೀವು ಓದಿದವರು, ಹೇಳ್ತ್ರಿ ಅಂದ್ಕಂಡಿದ್ದೆ. ಅಳಿಯಂದಿರ ಮಾತು ಅಂತ ಒಪ್ಪುಕೆ ತಯಾರಾಗೇ ಕೂತಿದ್ದೆ.” ದನಿ ತಗ್ಗಿಸಿ, ಒಬ್ಬ ತಾಂಡೇಲ ಇನ್ನೊಬ್ಬ ತಾಂಡೇಲನನ್ನು ಕೇಳುವ ಹಾಗೆ ಕೇಳಿದರು: “ಆ ನಾಲ್ಕನೇ ತಿರುವಿನಾಗೆ ಎಡಕ್ಕೆ ಒಂದು ಬಂಡೆ ಇತ್ತಲ್ಲ, ಅದನ್ನ ನೀವು ಹೆಂಗೆ ದಾಟಿದ್ರಿ? ನಂಗೆ ಕಡೆ ತನಕ ಆಗ್ಲಿಲ್ಲ.”

ಅದನ್ನು ದಾಟುವುದು ನನಗೆ ಗೊತ್ತಿತ್ತು. ದೋಣಿ ನಿಲ್ಲಿಸಿ, ಎರಡು ದಿಮ್ಮಿ ಹೋಗಲು ಬಿಟ್ಟು, ಮೂರನೆಯದರ ಬೆನ್ನಿಗೆ ಹೋಗಬೇಕು. ಸಮುದ್ರದ ವಿಷಯದಲ್ಲಿ ಮಾವ ನನ್ನನ್ನು ಕೇಳಿದ ಒಂದೇ ಒಂದು ಪ್ರಶ್ನೆ ಅದು. ಆದರೆ ಇಪ್ಪತ್ತು ದಿನದ ಹೆದರಿಕೆ ನಾಲಿಗೆಯ ತುದಿಯಲ್ಲೇ ಕೂತಿತ್ತು. ನಾನು ಯೋಚಿಸುವ ಮೊದಲೇ ಅದು ಮಾತಾಡಿಬಿಟ್ಟಿತು.

“ಯಾವ ಬಂಡೆ, ಮಾವ?” ಎಂದೆ.

ಮಾವ ನನ್ನನ್ನು ಒಂದು ಗಳಿಗೆ ನೋಡಿದರು. “ಎಂತ ಇಲ್ಲ” ಎಂದು, ಮೊಣಕಾಲಿಗೆ ಕೈ ಕೊಟ್ಟು ಎದ್ದು, ಮನೆಯ ಕಡೆ ನಡೆದರು.