ಬಾತುಕೋಳಿ ತಿಂದವನು ನಾನೇ

ವಿದ್ಯಾರ್ಥಿ ಗೋಬೆರನಿಗೆ ಬಾಯಿಪಾಠ ಮಾಡುವಾಗ ಕೂಗುವ ಚಟ. ಪ್ಯಾರಿಸ್ಸಿನ ಆ ಓಣಿಯಲ್ಲೋ, ಈ ಮನೆಯವನು ಸೀನಿದರೆ ಎದುರುಮನೆಯವನು ಮುಖ ಒರೆಸಿಕೊಳ್ಳಬೇಕು. ಮಧ್ಯಾಹ್ನದ ವಾದಸಭೆಗೆ ಗುರುಗಳು ಅವನಿಗೆ ಪೂರ್ವಪಕ್ಷ, ಅಂದರೆ ಆಮೇಲೆ ಬೇರೆಯವರು ಖಂಡಿಸಬೇಕಾದ ವಾದ, ವಹಿಸಿದ್ದರು. ಬೆಳಿಗ್ಗೆಯೇ ಕಿಟಕಿ ತೆರೆದು ಶುರುಮಾಡಿದ: “ಯೋಚಿಸುವವನು ನಾನಲ್ಲ. ಮನುಷ್ಯರಿಗೆಲ್ಲ ಇರುವುದು ಒಂದೇ ಬುದ್ಧಿ. ಅದೇ ನನ್ನೊಳಗೂ ನಿಮ್ಮೊಳಗೂ ಯೋಚಿಸುತ್ತದೆ.”

ಕೆಳಗೆ ಮೀನು ಉಜ್ಜುತ್ತಿದ್ದ ಮನೆಯೊಡತಿ ಪೆರೊನೆಲ್ಲೆ ತಲೆ ಎತ್ತಿದಳು. “ನನ್ನ ಬುದ್ಧೀನೂ ನಿನ್ನ ಬುದ್ಧೀನೂ ಒಂದೇನಾ? ನನ್ನ ಗಂಡನೂ ಇಂಥ ಬೈಗುಳ ಬೈದಿರ್ಲಿಲ್ಲ ಕಣಯ್ಯಾ.”

ಬಾವಿಕಟ್ಟೆ ಮುಟ್ಟುವಷ್ಟರಲ್ಲಿ ಮಾತು “ಗೋಬೆರನಿಗೆ ಆತ್ಮಾನೇ ಇಲ್ವಂತೆ” ಎಂದಾಯಿತು. ರೊಟ್ಟಿಯಂಗಡಿಯಲ್ಲಿ “ನಮ್ಮದನ್ನೂ ಕದ್ದಿದಾನಂತೆ” ಎಂದಾಯಿತು. ಊಟದ ಹೊತ್ತಿಗೆ ಬಿಷಪ್ಪರ ಕಡೆಯ ಪಾದ್ರಿ ರೆನೊ ಕೋಣೆಯೊಳಗೇ ಬಂದು ಕೂತಿದ್ದರು.

“ಎಲ್ಲರಿಗೂ ಒಂದೇ ಬುದ್ಧಿಯಾದ್ರೆ ಪಾಪ ಯಾರದ್ದಯ್ಯಾ? ನರಕಕ್ಕೆ ಕಳಿಸೋದು ಯಾರನ್ನ?”

“ಅದು ನನ್ನ ಮಾತಲ್ಲ ಸ್ವಾಮಿ, ಗುರುಗಳದ್ದು.”

“ನೋಡಿದ್ಯಾ, ಮತ್ತೆ ನೀನಲ್ಲ ಅಂತೀಯ.”

ಗೋಬೆರ್ ಕೈಮುಗಿದ. ಪಾಠಶಾಲೆಯಿಂದ ಹೊರಬಿದ್ದರೆ ಊರಿನಲ್ಲಿ ಅಪ್ಪನ ಹಂದಿಗಳೇ ಗತಿ. “ನಾನು ನಾನೇ ಸ್ವಾಮಿ. ನನ್ನ ಪಾಪ ನಂದೇ.”

“ಹಾಗಾದ್ರೆ ನಿಂದೇ ಅನ್ನೋ ಒಂದು ಪಾಪ ಹೇಳು.”

ಪಾಪ, ಗೋಬೆರನಿಗೆ ಓದಿನ ನಡುವೆ ಪಾಪ ಮಾಡಲು ಬಿಡುವೇ ಸಿಕ್ಕಿರಲಿಲ್ಲ. ಅಡಿಗೆಯ ಮೀನು ಹಿಡಿದೇ ಬಾಗಿಲಲ್ಲಿ ನಿಂತಿದ್ದ ಪೆರೊನೆಲ್ಲೆ ನೆರವಿಗೆ ಬಂದಳು. “ಮೊನ್ನೆ ನನ್ನ ಬಾತುಕೋಳಿ ಮಾಯವಾಯ್ತಲ್ಲ, ಅದನ್ನ ಕೇಳಿ ಸ್ವಾಮಿ.”

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು. ಗೋಬೆರ್ ಪಾದ್ರಿಗಳ ಬೈಬಲ್ಲಿನ ಮೇಲೆ ಕೈಯಿಟ್ಟ. “ಕದ್ದವನು ನಾನೇ, ಬೇಯಿಸಿದವನು ನಾನೇ, ತಿಂದವನೂ ನಾನೇ. ಬೆಳ್ಳುಳ್ಳಿ ಹಾಕಿದ್ದೆ. ಆ ರುಚಿ ಇನ್ನೂ ನಾಲಗೆ ಮೇಲಿದೆ.”

ಪೆರೊನೆಲ್ಲೆ ಕೈಯಲ್ಲಿದ್ದ ಮೀನಿನಿಂದಲೇ ಅವನ ಕೆನ್ನೆಗೆ ಬಾರಿಸಿದಳು. ಪಾದ್ರಿಗಳಿಗೆ ಪರಮ ಸಂತೋಷ. “ಸಂದೇಹವೇ ಇಲ್ಲ, ಇವನಿಗೆ ಇವನದೇ ಆತ್ಮ ಇದೆ” ಎಂದು ಎದ್ದರು.

ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ, ಅದೇ ಕೋಣೆಯಲ್ಲಿರುವ ಗೆಳೆಯ ಮಿಲೋ ಗೊಳೋ ಎಂದು ಅತ್ತ. “ಇನ್ನು ತಡೆಯೋಕಾಗಲ್ಲ ಸ್ವಾಮಿ. ತಿಂದವನು ನಾನು. ನನ್ನನ್ನ ಉಳಿಸೋಕೆ ಇವನು ತಪ್ಪೊಪ್ಪಿಕೊಳ್ತಿದಾನೆ.” ತನ್ನ ಹಾಸಿಗೆಯಡಿಯಿಂದ ಪುಕ್ಕಗಳನ್ನೂ ಎಳೆದು ಹಾಕಿದ.

ಪಾದ್ರಿಗಳು ಮತ್ತೆ ಕೂತರು.

“ತಿಂದವನು ಇವನು. ರುಚಿ ಇರೋದು ನಿನ್ನ ನಾಲಗೆ ಮೇಲೆ. ನಿಮ್ಮಿಬ್ಬರಿಗೂ ಬುದ್ಧಿ ಒಂದೇನಾ, ಇಲ್ಲಾ ಬೈಬಲ್ ಮುಟ್ಟಿ ಸುಳ್ಳು ಹೇಳಿದ್ಯಾ? ಯಾವುದು ಅಂತ ಬರ್ಕೊಳ್ಲಿ?”

ಗೋಬೆರ್ ಮಿಲೋನತ್ತ ತಿರುಗಿದ. ಗೆಳೆಯನನ್ನು ಉಳಿಸಿಕೊಂಡ ಹೆಮ್ಮೆಯಲ್ಲಿ ಮಿಲೋ ಅವನ ಬೆನ್ನು ತಟ್ಟುತ್ತಿದ್ದ.